ಫಕ್ರೋದ್ದೀನ ಭಾಯಿಗೆ ಮಾತ್ರ ಕೇಳಿದ ಹಾಡು

ಭಾಲ್ಕಿಯಲ್ಲಿ ಯಾರದೇ ಮದುವೆಯ ವಿಡಿಯೊ ಮೂಕವಾಗಲಿ, ಯಾವುದೇ ಶಾಲೆಯ ರೆಕಾರ್ಡಿಂಗ್‌ನಲ್ಲಿ ಮುಖ್ಯ ಅತಿಥಿಗಳು ಕಪ್ಪೆಯಂತೆ ವಟಗುಟ್ಟಲಿ, ಜನ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಸ್ಟೇಷನ್ ರಸ್ತೆಯ ಫಕ್ರೋದ್ದೀನ ಭಾಯಿಯ ಅಂಗಡಿಗೆ ಓಡುತ್ತಾರೆ. ಕಂಪ್ಯೂಟರಿನೊಳಗಿನ ಸದ್ದನ್ನು ಕತ್ತರಿಸಿ, ಜೋಡಿಸಿ, ತೊಳೆದು ಕೊಡುವುದು ಅವರ ಕಸುಬು. ಹೊಸಬರಿಗೆ ಆಮೇಲೆ ಗೊತ್ತಾಗುವ ಸಂಗತಿಯೆಂದರೆ, ಭಾಯಿಗೆ ಕಿವಿ ಕೇಳುವುದಿಲ್ಲ.

ಪೂರ್ತಿ ಕೇಳುವುದಿಲ್ಲ ಅಂತಲ್ಲ, ಹತ್ತಿರ ಹೋಗಿ ಕೂಗಿದರೆ ಕೇಳುತ್ತದೆ. ಅವರು ಠಾಣಾ ಕುಶನೂರದವರು. ಇಪ್ಪತ್ತೈದು ವರ್ಷ ಔರಾದ ತಾಲ್ಲೂಕಿನ ಮದುವೆಗಳಿಗೆ ಮೈಕ್ ಸೆಟ್ ಹಚ್ಚಿ, ಸ್ಪೀಕರಿಗೆ ಬೆನ್ನು ಕೊಟ್ಟು ಕುಳಿತು, ಕಿವಿಗಳನ್ನು ಅಲ್ಲೇ ಬಿಟ್ಟು ಬಂದವರು. ಹಾಗಾದರೆ ಸದ್ದಿನ ರಿಪೇರಿ ಹೇಗೆ? ಕಣ್ಣಿನಿಂದ. ಪರದೆಯ ಮೇಲೆ ಸದ್ದು ಗೆರೆಯಾಗಿ ಏರಿಳಿಯುತ್ತದಲ್ಲ, ಅದನ್ನು ನೋಡಿಯೇ "ಇಲ್ಲಿ ಯಾರೋ ಕೆಮ್ಮ್ಯಾರ್ರಿ, ಇಲ್ಲಿ ಫ್ಯಾನ್ ತಿರಗ್ಯಾದ" ಅನ್ನುತ್ತಾರೆ. ಕೇಳಿ ನೋಡಿದರೆ ಹೌದು, ಕೆಮ್ಮು, ಫ್ಯಾನು. ಕಿವಿ ಇದ್ದ ನಾವು ಹಲ್ಲು ಕಿರಿಯುತ್ತೇವೆ.

ನಮ್ಮ ಮೆಥೋಡಿಸ್ಟ್ ಚರ್ಚಿನ ಕ್ರಿಸ್ಮಸ್ ಹಾಡನ್ನು ಒಂಬತ್ತು ವರ್ಷದಿಂದ ರೆಕಾರ್ಡ್ ಮಾಡುತ್ತಿರುವವರೂ ಅವರೇ. ಹಾಡು ಕಟ್ಟುವವರು ಲೂಸಿ ಸಿಸ್ಟರ್, ನಿವೃತ್ತ ನರ್ಸ್. ಹಾಡುವವರು ಅವರೂ ಸೇರಿ ನಾವು ಹದಿನೇಳು ಜನ, ಅದರಲ್ಲಿ ಫೇತ ಟೀಚರ್ ಎಂಬ ನಾನೂ ಒಬ್ಬಳು. ಈ ವರ್ಷ ತಂಡದ ಕಾರ್ಯದರ್ಶಿ ಆಲ್ವಿನ ಅಡ್ಡಗಾಲು ಹಾಕಿದ.

"ಕಿವಿ ಕೇಳಲಾರದವ್ರ ಕೈಯಾಗ ಹಾಡು ಯಾಕ ಕೊಡ್ತೀರಿ? ಕೋಣನ ಮುಂದ ಕಿನ್ನರಿ ಬಾರಿಸಿದಂಗ! ಹೈದರಾಬಾದಿಗಿ ಹೋಗೂಣು, ಸ್ಟುಡಿಯೋದಾಗ ಮಾಡಸೂಣು."

ನನಗೆ ಸಿಟ್ಟು ನೆತ್ತಿಗೇರಿತು. ಭಾಯಿ ವರ್ಷವಿಡೀ ಎದುರು ನೋಡುವ ಕೆಲಸ ಇದೊಂದೇ ಎಂದು ನನಗೆ ಗೊತ್ತಿತ್ತು. ಕೊನೆಗೆ ಲೂಸಿ ಸಿಸ್ಟರ್ ಈ ಸಲ ಭಾಯಿಯೇ ಮಾಡಲಿ ಎಂದು ಹಟ ಹಿಡಿದರು. ಆದರೆ ಆಲ್ವಿನನದೊಂದು ಷರತ್ತು: ಈ ಸಲ ಕೆಟ್ಟರೆ ಮುಂದಿನ ವರ್ಷದಿಂದ ಹೈದರಾಬಾದೇ.

ಶನಿವಾರ ಮಧ್ಯಾಹ್ನ ಭಾಯಿ ಎರಡೂ ಕಿವಿಗೆ ಹೊಸ ಕಿವಿಯಂತ್ರ ಹಾಕಿಕೊಂಡು ಚರ್ಚಿನ ಹಾಲಿಗೆ ಬಂದರು. ಬೀದರದಲ್ಲಿರುವ ಮಗಳು ತಸ್ಲೀಮ ಹಿಂದಿನ ದಿನ ಬಂದು ಹಾಕಿ ಹೋಗಿದ್ದಳಂತೆ.

"ಹ್ಯಾಂಗ ಅದರಿ ಭಾಯಿ?" ಎಂದೆ.

"ಏನ್ ಹೇಳ್ಲಿ ಟೀಚರ್, ಭಾಂಡೆ ಪಾತ್ರಿ ಅಂಗಡಿ ಕಿವ್ಯಾಗ ಹೊಕ್ಕಂಗ ಅದ. ನೀವೆಲ್ಲಾ ಕೂಡಿ ಬಾಯಿ ತೆರದ್ರ ಬರೀ ಖಣಖಣ."

ಹಾಡಿದೆವು. ಪರದೆಯ ಮೇಲೆ ಗೆರೆ ಕುಣಿಯಿತು, ಭಾಯಿ ಹೆಬ್ಬೆರಳು ಎತ್ತಿದರು. "ಈಗ ಕೇಳ್ರಿ" ಎಂದು ಬಟನ್ ಒತ್ತಿದರು. ಸ್ಪೀಕರ್ ಡಬ್ಬಿ ಪಿಟಕ್ ಎನ್ನಲಿಲ್ಲ.

ಭಾಯಿಯ ಬಾಯಿ ಮಾತ್ರ ತೆರೆದುಕೊಂಡಿತು. "ಯಾ ಅಲ್ಲಾ! ಏನ್ ಚಂದ ಹಾಡೀರ್ರಿ!"

"ಚಾಚಾ, ಡಬ್ಬಿ ಬಂದ್ ಅದ!" ಆಲ್ವಿನ ಕೂಗಿದ.

"ಹಾಂ ಹಾಂ, ಬರಲಾಕತ್ತದ, ಬರಲಾಕತ್ತದ," ಎಂದು ಭಾಯಿ ತಲೆದೂಗಿದರು.

"ನೋಡ್ರಿ ಸಿಸ್ಟರ್! ಕೇಳಿಸಿದಂಗ ನಾಟಕ ಮಾಡ್ಲಾಕತ್ತಾರ. ನಾ ಹೇಳಿದ್ದಿಲ್ಲ?"

ಲೂಸಿ ಸಿಸ್ಟರರ ಮುಖ ಬಾಡಿತು. ಭಾಯಿ ಹಾಡು ನಿಲ್ಲಿಸಿದರು. "ನಾಟಕ ಯಾಕ ಮಾಡ್ಲಿ? ಎರಡನೇ ಚರಣದಾಗ ಮೈಕಿನ ಬಾಜೂಕ ನಿಂತಾವ ಮಾತು ಮರ್ತು ಬರೀ 'ಲಾಲಾ ಲಾಲಾ' ಅಂದಾನ. ಕಡೀಗಿ ಯಾರದೋ ಬಳಿ ಖಣ್ ಅಂದಾವ."

ಮೈಕಿನ ಪಕ್ಕ ನಿಂತಿದ್ದವನು ಆಲ್ವಿನ. ನಾನು ಬಳೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟೆ. ಕಿನ್ನರಿ ಎಲ್ಲೋ ನುಡಿಯುತ್ತಿತ್ತು, ಕೋಣಗಳು ನಾವಾಗಿದ್ದೆವು.

ಎಲ್ಲರೂ ಡಬ್ಬಿಯ ಮೇಲೆ ಬಿದ್ದೆವು. ಒಬ್ಬರು ವೈರ್ ಕಿತ್ತು ಹಾಕಿದರು, ಇನ್ನೊಬ್ಬರು ಡಬ್ಬಿಯ ಬೆನ್ನಿಗೆ ಗುದ್ದಿದರು, ಲೂಸಿ ಸಿಸ್ಟರ್ ಜ್ವರ ನೋಡುವವರಂತೆ ಅದರ ಮೇಲೆ ಕೈಯಿಟ್ಟರು. ಆಲ್ವಿನ ಲ್ಯಾಪ್‌ಟಾಪನ್ನೇ ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದ. ಮೂರು ಸಲವೂ ನಮಗೆ ನಿಶ್ಶಬ್ದ, ಭಾಯಿಗೆ ಪರಮಾನಂದ. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದೇ ತಡ, ಹಿಂದಿನ ಬೆಂಚು ಪೂರ್ತಿ ಕಿಸಕ್ಕೆಂದಿತು.

"ಸುಮ್ಮ ಕೂಡ್ರಿ," ಎಂದರು ಭಾಯಿ. "ಮನ್ಯಾಗ ಜಗಳ ಹತ್ತಿದ್ರ ಹೊಸದಾಗಿ ಯಾರ್ ಬಂದಾರ ಅಂತ ಮೊದಲ ನೋಡ್ಬೇಕು. ಸಾಮಾನಂದೂ ಹಂಗೇ. ಮೊನ್ನಿತನ ಡಬ್ಬಿ ಚಲೋ ಇತ್ತು. ಆಮ್ಯಾಲ ಹೊಸದೇನ್ ಬಂದದ?"

ನಾವೆಲ್ಲ ಅವರ ಕಿವಿಯನ್ನೇ ನೋಡಿದೆವು. ಅವರ ಕೈಯೂ ಮೆಲ್ಲಗೆ ಅಲ್ಲಿಗೇ ಹೋಯಿತು.

ಸದ್ದು ಎಲ್ಲಿಗೆ ಹೋಗಬೇಕು ಎಂದು ಆರಿಸುವ ಪಟ್ಟಿಯನ್ನು ತೆರೆದರು. ಅದರಲ್ಲಿ ಮೂರು ಹೆಸರಿದ್ದವು: ಲ್ಯಾಪ್‌ಟಾಪಿನದು, ಡಬ್ಬಿಯದು, ಮತ್ತು ಯಾರಿಗೂ ಗುರುತಿಲ್ಲದ ಒಂದು ಹೊಸ ಹೆಸರು. ಗುರುತು ಬಿದ್ದಿದ್ದು ಆ ಮೂರನೆಯದರ ಮೇಲೆ. ವಿಡಿಯೊ ಕಾಲ್‌ನಲ್ಲಿ ತನ್ನ ಮಾತು ಅಬ್ಬಾನಿಗೆ ಕೇಳಲಿ ಎಂದು ತಸ್ಲೀಮ ಕಿವಿಯಂತ್ರವನ್ನು ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪಿಗೂ ಜೋಡಿಸಿ ಹೋಗಿದ್ದಳು; ಆ ಹೊಸ ಹೆಸರು ಕಿವಿಯಂತ್ರದ್ದು. ಅದು ನಮ್ಮ ಹಾಡನ್ನೂ ಸೀದಾ ಭಾಯಿಯ ಕಿವಿಗೇ ಸುರಿಯುತ್ತಿತ್ತು. ಹಾಲಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ಲೂಸಿ ಸಿಸ್ಟರ್ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದರು.

ಭಾಯಿ ಡಬ್ಬಿಯ ಹೆಸರು ಒತ್ತಿದರು. ಹಾಡು ಇಡೀ ಹಾಲ್ ತುಂಬಿತು. ಎರಡನೇ ಚರಣದಲ್ಲಿ 'ಲಾಲಾ ಲಾಲಾ' ಗಂಟೆ ಹೊಡೆದಂತೆ ಸ್ಪಷ್ಟ.

ಆಲ್ವಿನನ ಕಿವಿ ಕೆಂಪಾಯಿತು. "ಹೈದರಾಬಾದ್ ಮಾತು ಬಿಟ್ಟೆ ಚಾಚಾ. ಅಷ್ಟು ಮಾತ್ರ ಕತ್ತರ್ಸಿ ಬಿಡ್ರಿ."

"ಕತ್ತರ್ಸಿದ್ರ ಅಲ್ಲಿ ಎಲ್ಲಾರ ದನೀನೂ ಹೋಗ್ತದ. ಇನ್ನೊಮ್ಮಿ ಹಾಡು ಬೇಟಾ, ಚೀಟಿ ಹಿಡ್ಕೊಂಡು."

ಆಲ್ವಿನ ಚೀಟಿ ಹಿಡಿದ, ನಾನು ಬಳೆ ತೆಗೆದಿಟ್ಟೆ, ಮತ್ತೆ ಹಾಡಿದೆವು. ಮುಗಿದ ಮೇಲೆ ಕೇಳಿಸಲೆಂದು ಭಾಯಿ ಕೈ ಚಾಚಿದಾಗ ಲೂಸಿ ಸಿಸ್ಟರ್ ತಡೆದರು.

"ತಡೀರಿ ಭಾಯಿ. ಒಂಬತ್ತು ವರ್ಷ ನಾವು ಕೇಳೀವಿ, ನೀವು ಬರೀ ಗೆರಿ ನೋಡೀರಿ. ಇವತ್ತ ಮೊದಲ ನೀವು ಕೇಳ್ರಿ."

ಭಾಯಿ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಗುರುತನ್ನು ಮತ್ತೆ ಮೂರನೇ ಹೆಸರಿಗೆ ಹಾಕಿದರು. ಹದಿನೇಳು ಜನ ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕುಳಿತೆವು. ಭಾಯಿಯ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಅದನ್ನು ನೋಡಿಯೇ ಹಾಡು ಎಲ್ಲಿಗೆ ಬಂತು ಎಂದು ನಮಗೆ ತಿಳಿಯುತ್ತಿತ್ತು. ಗೆರೆ ನಿಂತಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಸಿಸ್ಟರ್, ನೀವೊಬ್ರೇ ಹಾಡೂ ಸಾಲಿನ್ಯಾಗ ನಿಮ್ಮ ದನಿ ಗೆರಿ ಭಾಳ ದಪ್ಪ ಕಾಣ್ತಿತ್ತು. ಇಷ್ಟು ತೆಳ್ಳಗ ಅದ ಅಂತ ನನಗ ಗೊತ್ತೇ ಇದ್ದಿಲ್ಲ."

ನನ್ನ ಕಣ್ಣು ತುಂಬಿತು, ಖುಷಿಗೆ.

"ಈಗ ನಮಗೂ ಹಚ್ರಿ ಚಾಚಾ," ಎಂದ ಆಲ್ವಿನ.

"ತಡಿ ಬೇಟಾ, ಇನ್ನೊಮ್ಮಿ ಕೇಳ್ತೇನಿ," ಎಂದು ಭಾಯಿ ತಮ್ಮ ಕಿವಿಗೇ ಮತ್ತೆ ಹಾಡು ಹಚ್ಚಿಕೊಂಡರು.