ನಸುಹಳದಿ

ಚಿಂತಾಮಣಿಯಲ್ಲಿ ನಮ್ಮ ಮನೆ ಹತ್ತಿರ ಒಂದು ಬ್ಯೂಟಿ ಪಾರ್ಲರ್ ಇದೆ. ಹೋದ ವಾರ ತಲೆಗೆ ಬಣ್ಣ ಹಾಕಿಸಿಕೊಳ್ಳೋಣ ಅಂತ ಹೋಗಿ ಕೂತಿದ್ದೆ. ಪಕ್ಕದ ಕುರ್ಚಿಯವರಿಗೆ ಹುಡುಗಿ ಡೈ ಕಲಸುತ್ತಿದ್ದಳು. ಅಮೋನಿಯಾ ಘಾಟು ಮೂಗಿಗೆ ಹೊಡೆಯಿತು. ಅಷ್ಟೇ... ಗೌರಿಬಿದನೂರಿನ ಕಾಲೇಜಿನ ಲ್ಯಾಬು, ಕಿಟಕಿ ಕಡೆ ತಿರುಗಿ ಟೆಸ್ಟ್ ಟ್ಯೂಬ್ ಎತ್ತಿ ಹಿಡಿದ ನಮ್ಮ ಕೆಮಿಸ್ಟ್ರಿ ಸರ್ ಕಣ್ಣ ಮುಂದೆ ಬಂದುಬಿಟ್ಟರು.

ನಾನಾಗ ತೊಂಡೇಬಾವಿಯಿಂದ ರೈಲಲ್ಲಿ ಹೋಗಿಬಂದು ಪಿಯುಸಿ ಓದುತ್ತಿದ್ದೆ. ಸರ್ ಮನೇಲಿ ಉರ್ದು, ಕ್ಲಾಸಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ಖಾಸಗಿ ಕಾಲೇಜು, ಕಾಯಂ ಆಗದ ಕೆಲಸ. ಲ್ಯಾಬಲ್ಲಿ ಒಬ್ಬೊಬ್ಬರಿಗೂ ಹೆಸರು ಹೇಳದೆ ಒಂದು ಚಿಟಿಕೆ ಬಿಳಿ ಪುಡಿ ಕೊಡುತ್ತಿದ್ದರು. ಅದು ಯಾವ ಲವಣ ಅಂತ ನಾವೇ ಕಂಡುಹಿಡೀಬೇಕು; ಯಾರಿಗೆ ಯಾವುದು ಹೋಯಿತು ಅಂತ ಅವರೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ನೀರಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟರೆ ತಿಳಿನೀರು ಒಡೆದ ಹಾಲಿನಂತಾಗಿ ತಳದಲ್ಲಿ ಗಸಿ ಕೂರುತ್ತಿತ್ತು. ಗಸಿ ಅಚ್ಚ ಬಿಳಿ ಇದ್ದರೆ ಕ್ಲೋರೈಡ್, ನಸುಹಳದಿ ಇದ್ದರೆ ಬ್ರೋಮೈಡ್.

"ಬಣ್ಣ ನಂಬಿ ಕೆಡಬೇಡ್ರಮ್ಮಾ" ಅನ್ನೋರು ಸರ್. "ಅಮೋನಿಯಾ ಹಾಕಿ ನೋಡಿ. ಕ್ಲೋರೈಡ್ ಆದ್ರೆ ಪೂರ್ತಿ ಕರಗಿಹೋಗುತ್ತೆ. ಬ್ರೋಮೈಡು ಅಷ್ಟು ಸುಲಭಕ್ಕೆ ಬಗ್ಗಲ್ಲ."

ಆ ಮಾತಿನ ಒಳಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ಸರ್‌ಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಿಳಿಯೂ ನಸುಹಳದಿಯೂ ಅವರಿಗೆ ಒಂದೇ. ಟ್ಯೂಬು ನನ್ನ ಮುಂದೆ ಹಿಡಿದು, ಮೆಲ್ಲಗೆ, "ನೀನೇ ಹೇಳಮ್ಮ" ಅನ್ನೋರು. ನಾನು ಹೇಳುತ್ತಿದ್ದೆ. "ಬೇಸಿಗೆ ರಜಕ್ಕೆ ಆಪರೇಷನ್ ಮಾಡಿಸ್ಕೊಂಡ್ಬಿಡ್ತೀನಿ. ಅಲ್ಲೀತನಕ ಯಾರಿಗೂ ಹೇಳ್ಬೇಡ ಕಣಮ್ಮ, ಕೆಲಸ ಹೋಗುತ್ತೆ" ಅಂದಿದ್ದರು. ಅಯ್ಯೋ, ನಾನ್ಯಾಕೆ ಹೇಳ್ಲಿ ಸರ್ ಅಂದಿದ್ದೆ. ಸರ್ ಕಣ್ಣು ನಾನೇ ಅಂತ ಒಳಗೊಳಗೇ ಜಂಬ ಬೇರೆ.

ಪರೀಕ್ಷೆ ಹತ್ತಿರ ಬಂದಾಗ ಒಂದು ದಿನ ಪ್ರಿನ್ಸಿಪಾಲರು ಲ್ಯಾಬಿಗೆ ಬಂದರು. ಸೀದಾ ನನ್ನ ಟೇಬಲ್ಲಿಗೇ ಬಂದು, ಏನಮ್ಮ ನಿನ್ನ ಲವಣ ಅಂದರು. ಬ್ರೋಮೈಡ್ ಅಂದೆ. ಸರ್‌ಗೆ ಗಾಬರಿಯೋ ಏನೋ, ಟ್ಯೂಬನ್ನ ಕಿಟಕಿಗೆ ಹಿಡಿದು "ಬಿಳಿ ಇದೆಯಲ್ಲಮ್ಮ, ಕ್ಲೋರೈಡು" ಅಂದುಬಿಟ್ಟರು. ಪ್ರಿನ್ಸಿಪಾಲರು ನನ್ನ ಕಡೆ ನೋಡಿ ತುಟಿ ಕೊಂಕಿಸಿದರು. ಎಲ್ಲಿತ್ತೋ ನನಗೆ ಆ ರೋಷ! ಪಕ್ಕದವಳ ಬಿಳಿ ಟ್ಯೂಬು ಕಿತ್ತುಕೊಂಡು ಎರಡನ್ನೂ ಸರ್ ಮುಖದ ಮುಂದೆ ಹಿಡಿದೆ. "ಇದು ಬಿಳಿ, ಇದು ಹಳದಿ! ನಿಮಗೆ ಕಣ್ಣೇ ಕಾಣಲ್ವಲ್ಲ ಸರ್, ದಿನಾ ನಾನೇ ತಾನೇ ಹೇಳೋದು!"

ಕ್ಲಾಸು ನಕ್ಕಿತು. ಸರ್ ಬೈಯಲಿಲ್ಲ. ಅಮೋನಿಯಾ ಸೀಸೆ ತಡವಿ ತೆಗೆದು ನನ್ನ ಟ್ಯೂಬಿಗೆ ಹಾಕಿದರು. ಗಸಿ ಹಾಗೇ ಕೂತಿತ್ತು. "ನೀನು ಹೇಳಿದ್ದೇ ಸರಿ ಕಣಮ್ಮ" ಅಂದರು...

ಮುಂದಿನ ವಾರ ಲ್ಯಾಬಲ್ಲಿ ಬೇರೆ ಮೇಷ್ಟ್ರಿದ್ದರು. ಆಸಿಡ್ ಇರೋ ಜಾಗದಲ್ಲಿ ಕಣ್ಣು ಕಾಣದೋರನ್ನ ಹೇಗೆ ಇಟ್ಟುಕೊಳ್ಳೋದು ಅಂದರಂತೆ ಪ್ರಿನ್ಸಿಪಾಲರು. ಅದೇನೂ ಸುಳ್ಳಲ್ಲ. ಆದರೂ ಅವತ್ತು ನಾನು "ಅಮೋನಿಯಾ ಹಾಕಿ ನೋಡಣ ಸರ್" ಅಂದಿದ್ದರೆ ಸಾಕಿತ್ತು. ನನ್ನ ಉತ್ತರವೂ ಉಳೀತಿತ್ತು, ಸರ್ ಮರ್ಯಾದೆಯೂ ಉಳೀತಿತ್ತು. ಅವರೇ ಕಲಿಸಿದ ಮಾತು, ನನ್ನ ಹಾಳು ಬಾಯಿಗೆ ಬರಲಿಲ್ಲ.

ಆಮೇಲೆ ಸರ್ ಶಿಡ್ಲಘಟ್ಟಕ್ಕೆ, ತಮ್ಮನ ಮನೆಗೆ ಹೋದರು ಅಂತ ಕೇಳಿದೆ. ಚಿಂತಾಮಣಿಯಿಂದ ಎಷ್ಟು ದೂರ? ಬಸ್ಸು ಹತ್ತಿದರೆ ಬಂತು. ಹೋಗಣ, ಹೋಗಣ ಅಂದುಕೊಂಡೇ ಇದ್ದೆ. ಯಾವ ಮುಖ ಇಟ್ಟುಕೊಂಡು ಹೋಗಲಿ... ಈಚೆಗೆ ಅವರು ತೀರಿಕೊಂಡ ಸುದ್ದಿ ಬಂತು. ಆಪರೇಷನ್ ಮಾಡಿಸಿಕೊಂಡರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

"ಆಂಟಿ, ನಿಮಗೆ ಇದಾ, ಇದಾ?" ಪಾರ್ಲರ್ ಹುಡುಗಿ ಬಣ್ಣದ ಕಾರ್ಡು ಹಿಡಿದು ಕೇಳಿದಳು. ಎರಡು ಥರದ ಕಂದು ಅಂತೆ. ನನಗೆ ಎರಡೂ ಒಂದೇ. ಕನ್ನಡಕ ಒರೆಸಿ ನೋಡಿದೆ, ಆಗಲೂ ಒಂದೇ. ಸುತ್ತ ಕೂತಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

"ನೀನೇ ಹೇಳಮ್ಮ" ಅಂದೆ.

ಹುಡುಗಿ ಒಂದು ಕ್ಷಣ ನನ್ನ ಕಣ್ಣನ್ನೇ ನೋಡಿದಳು. ಅವಳಿಗೆ ತಿಳಿದುಹೋಯಿತು. "ಈ ಲೈಟಲ್ಲಿ ನಂಗೂ ಗೊತ್ತಾಗಲ್ಲ ಬಿಡಿ ಆಂಟಿ" ಅಂತ ಎಲ್ಲರಿಗೂ ಕೇಳೋ ಹಾಗೆ ಅಂದು ಕಾರ್ಡು ಮಡಿಚಿದಳು. ಅವತ್ತು ಲ್ಯಾಬಲ್ಲಿ ನನಗಿದ್ದಷ್ಟೇ ವಯಸ್ಸು ಅವಳಿಗೆ.