ಮುಚ್ಚಳವಿದ್ದ ಗರಗಸ

ನನ್ನ ದೊಡ್ಡಮ್ಮನ ಬಗ್ಗೆ ಒಳ್ಳೆಯ ಮಾತು ಬೇಕಾದವರು ಬೇರೆ ಯಾರನ್ನಾದರೂ ಕೇಳಬೇಕು. ಆಕೆ ತೀರಿಕೊಂಡಾಗ ಕೂಳೂರಿನ ದೋಣಿಕಡವಿನಿಂದ ಬಂದರಿನವರೆಗೆ ಎಲ್ಲರೂ ಹೊಗಳಿದರು. ಗಂಡಸಿನಂಥ ಹೆಂಗಸು, ಮಾತಿಗೆ ತಪ್ಪದವಳು, ಮುಳುಗಲಿದ್ದ ಮನೆಯನ್ನು ಎತ್ತಿ ನಿಲ್ಲಿಸಿದವಳು ಎಂದರು. ಎಲ್ಲವೂ ನಿಜ. ನಾನು ಆಕೆಯ ತಂಗಿಯ ಮಗಳು. ನನ್ನ ತಾಯಿ ಬೇಗ ಹೋದ್ದರಿಂದ ಆಕೆಯ ಅನ್ನವನ್ನೂ ತಿಂದು ಬೆಳೆದೆ, ನಾಲಿಗೆಯ ಪೆಟ್ಟನ್ನೂ ತಿಂದು ಬೆಳೆದೆ. ಆಕೆ ಮರ ಕೊಯ್ಯುವ ಯಂತ್ರ ಕೊಳ್ಳಲು ಹೋದ ದಿನದ ವಿಷಯ ಹೇಳುತ್ತೇನೆ. ಆಮೇಲೆ ಹೊಗಳುವವರು ಹೊಗಳಲಿ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಕೂಳೂರಿನಲ್ಲಿ ಹೊಳೆಯ ಬದಿಗೆ ನಮ್ಮದೊಂದು ಪೆಟ್ಟಿಗೆಯ ಶೆಡ್ಡಿತ್ತು. ಗೇರುಬೀಜದ ಕಾರ್ಖಾನೆಯವರು ತಿರುಳನ್ನು ತಗಡಿನ ಡಬ್ಬಗಳಲ್ಲಿ ತುಂಬಿ, ಡಬ್ಬಗಳನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟು ಹಡಗಿಗೆ ಹಾಕುತ್ತಿದ್ದರು. ಆ ಪೆಟ್ಟಿಗೆಗಳನ್ನು ನಾವು ಮಾಡಿಕೊಡುತ್ತಿದ್ದೆವು. ಮಾವು, ಬೂರುಗದಂಥ ಅಗ್ಗದ ಮರ ಅದಕ್ಕೆ ಸಾಕು. ಆದರೆ ಹಲಗೆ ಸೀಳುವುದು ಕೈಗರಗಸದಲ್ಲಿ, ಒಬ್ಬ ದಿಮ್ಮಿಯ ಮೇಲೆ ನಿಂತು, ಇನ್ನೊಬ್ಬ ಕೆಳಗೆ ನಿಂತು. ಕೆಳಗಿನವನ ಕಣ್ಣು ತುಂಬ ಮರದ ಹುಡಿ. ಒಂದು ದಿನ ಕಾರ್ಖಾನೆಯಿಂದ ಬಂದವರು, ಇನ್ನು ಪೆಟ್ಟಿಗೆ ತಡವಾದರೆ ಯಂತ್ರ ಇರುವವರಿಗೆ ಕೊಡುತ್ತೇವೆ ಎಂದು ಹೇಳಿ ಹೋದರು. ಅಕ್ಕಿ ಗಿರಣಿ ಹಾಕಬೇಕೆಂದು ಹಿಂದೆ ತಂದಿದ್ದ ಎಣ್ಣೆ ಎಂಜಿನ್ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಅದಕ್ಕೆ ಬೆಲ್ಟು ಹಾಕಿ ತಿರುಗಿಸುವ ಒಂದು ಗರಗಸದ ಮೇಜು ಸಿಕ್ಕಿದರೆ ಸಾಕು ಎಂದು ದೊಡ್ಡಮ್ಮ ನಿಶ್ಚಯಿಸಿದಳು. ಹೊಸತು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಬಂದರಿನಲ್ಲಿ ಹಳೆಯ ಕಬ್ಬಿಣ, ಹಳೆಯ ಯಂತ್ರ ಮಾರುವ ಒಬ್ಬ ಬ್ಯಾರಿ ವ್ಯಾಪಾರಿಯ ಹತ್ತಿರ ಎರಡು ಉಂಟೆಂದು ಸುದ್ದಿ ಬಂತು.

ಯಂತ್ರ ಬರುವ ಮೊದಲೇ ಅದರ ಮುಂದೆ ಯಾರು ನಿಲ್ಲಬೇಕೆಂದು ತೀರ್ಮಾನವಾಗಿತ್ತು. ನನ್ನ ಗಂಡ. ನಮ್ಮದು ಅಳಿಯಸಂತಾನದ ಮನೆ. ಮನೆಯೂ ಹೆಣ್ಣಿನದು, ಸಂತಾನವೂ ಹೆಣ್ಣಿನದು. ಗಂಡನಾದವನು ಯಾವತ್ತಿದ್ದರೂ ಅವನ ತಾಯಿಮನೆಯವನು. ನನ್ನ ಗಂಡನ ತಾಯಿಮನೆ ಪಡೀಲಿನಲ್ಲಿ. ಅಲ್ಲಿ ಉಣ್ಣುವ ಬಾಯಿ ಜಾಸ್ತಿ, ಗದ್ದೆ ಕಡಿಮೆ. ಹಾಗಾಗಿ ಮದುವೆಯಾದ ಮೇಲೆ ನಮ್ಮಲ್ಲೇ ಉಳಿದು ಶೆಡ್ಡಿನಲ್ಲಿ ಮೊಳೆ ಹೊಡೆಯುತ್ತಿದ್ದರು. ಮೆತ್ತಗಿನ ಮನುಷ್ಯ. ಯಾರಾದರೂ ಕರೆದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಏಳುವ ಸ್ವಭಾವ. ದೊಡ್ಡಮ್ಮನಿಗೆ ಒಬ್ಬ ಮಗನಿದ್ದ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಪೇಟೆ ತಿರುಗುವವನು. ಅವನ ಹೆಸರನ್ನು ಈ ಕೆಲಸಕ್ಕೆ ಯಾರೂ ಎತ್ತಲಿಲ್ಲ. ಆಕೆಗೆ ಹೆಣ್ಣುಮಕ್ಕಳಿರಲಿಲ್ಲ. ಮನೆ ಮುಂದುವರಿಯಬೇಕಾದರೆ ನನ್ನ ಹೊಟ್ಟೆಯಿಂದಲೇ ಮುಂದುವರಿಯಬೇಕಿತ್ತು.

ದೊಡ್ಡಮ್ಮ, ನನ್ನ ಗಂಡ, ನಾನು ಮೂವರು ದೋಣಿಯಲ್ಲಿ ಬಂದರಿಗೆ ಹೋದೆವು. ನಾನು ಸಿಸ್ಟರುಗಳ ಶಾಲೆಯಲ್ಲಿ ಎಂಟನೆಯವರೆಗೆ ಓದಿದ್ದೆ. ಕಬ್ಬಿಣದ ಮೇಲಿನ ಇಂಗ್ಲಿಷ್ ಅಕ್ಷರ ಓದಲು ನಾನು ಬೇಕಾಗಿತ್ತು.

ಮೊದಲು ತೋರಿಸಿದ ಗರಗಸ ಸಣ್ಣದು, ಅಚ್ಚುಕಟ್ಟಾದದ್ದು. ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ಮೇಲೆದ್ದ ದುಂಡು ಗರಗಸ. ಅದರ ಮೇಲೊಂದು ಕಬ್ಬಿಣದ ಮುಚ್ಚಳ. ಹಲಗೆಯ ದಪ್ಪ ನೋಡಿ ಇಳಿಸಿ ಬಿಗಿ ಮಾಡಿದರೆ ಕೈ ಹಲ್ಲಿಗೆ ತಾಗುವುದಿಲ್ಲ. ಗರಗಸದ ಹಿಂದೆ ತೆಳುವಾದ ಒಂದು ರೆಕ್ಕೆ. ಸೀಳಿದ ಹಲಗೆ ಮತ್ತೆ ಕೂಡಿಕೊಂಡು ಗರಗಸವನ್ನು ಹಿಡಿದರೆ ಹಲಗೆ ಹಿಂದಕ್ಕೆ ಹಾರಿ ನಿಂತವನ ಹೊಟ್ಟೆಗೆ ಬಡಿಯುತ್ತದಂತೆ. ಆ ರೆಕ್ಕೆ ಅದನ್ನು ತಡೆಯುತ್ತದೆ. ದೊಡ್ಡಮ್ಮ ಮೇಜಿನ ಮೂಲೆಯಿಂದ ಮೂಲೆಗೆ ನೂಲು ಎಳೆದು ಅಡಿಯಲ್ಲಿ ಬೆಳಕು ಕಾಣುತ್ತದಾ ಎಂದು ಬಗ್ಗಿ ನೋಡಿದಳು. ಗರಗಸದ ಅಚ್ಚನ್ನು ಹಿಡಿದು ಅಲ್ಲಾಡಿಸಿದಳು. ನನ್ನ ಗಂಡನಿಗೆ ನೆಲದಲ್ಲಿ ಮೊಣಕಾಲೂರಿ ಬೆಲ್ಟಿನ ರಾಟೆ ತಿರುಗಿಸಲು ಹೇಳಿ, ಕಿವಿ ಕೊಟ್ಟು ಕೇಳಿದಳು.

ನಾನು ಮೇಜಿನ ಅಂಚಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದೆ. ಯಾವುದೋ ವಿಲಾಯತಿ ಊರಿನ ಹೆಸರು.

"ಊರಿನ ಹೆಸರು ಕಟ್ಟಿಕೊಂಡು ನನಗೆಂತ ಆಗ್ಬೇಕು? ಕುದುರೆಶಕ್ತಿ ಎಷ್ಟು ಬೇಕು ಅಂತ ಬರೆದುಂಟಾ?" ಎಂದಳು ದೊಡ್ಡಮ್ಮ.

ಅದು ಬರೆದಿರಲಿಲ್ಲ. ನನ್ನನ್ನು ಓದಿಸಿದ್ದು ದಂಡ ಎಂದು ವ್ಯಾಪಾರಿಯ ಎದುರೇ ಹೇಳಿದಳು.

ಎರಡನೆಯದು ದೊಡ್ಡ ಗರಗಸ. ಮೇಜು ಗಟ್ಟಿ, ಎಷ್ಟು ದಪ್ಪದ ಮರವನ್ನಾದರೂ ನುಂಗುವಂಥದ್ದು. ಆದರೆ ಮುಚ್ಚಳವೂ ಇಲ್ಲ, ರೆಕ್ಕೆಯೂ ಇಲ್ಲ. ಹಲ್ಲುಗಳೆಲ್ಲ ಬರಿದಾಗಿ ಮೇಲಕ್ಕೆ ನಿಂತಿದ್ದವು. ಬೆಲೆ ಮೊದಲಿನದಕ್ಕಿಂತ ಎಷ್ಟೋ ಕಡಿಮೆ. ಇದನ್ನು ಕೊಂಡರೆ ಉಳಿದ ದುಡ್ಡಿನಲ್ಲಿ ಇನ್ನೊಂದು ಗರಗಸದ ಚಕ್ರವೂ ಬರುತ್ತದೆ. ಒಂದಕ್ಕೆ ಸಾಣೆ ಹಿಡಿಯುವಾಗ ಇನ್ನೊಂದು ಓಡುತ್ತದೆ, ಕೆಲಸ ನಿಲ್ಲುವುದಿಲ್ಲ. ಮೊದಲಿನದನ್ನು ಕೊಂಡರೆ ಕೈ ಖಾಲಿ. ದೊಡ್ಡಮ್ಮನ ಕಣ್ಣು ಎರಡನೆಯದರ ಮೇಲೆ ಬಿದ್ದದ್ದು ನನಗೆ ಗೊತ್ತಾಯಿತು.

ಪಕ್ಕದ ಲೇತಿನ ಅಂಗಡಿಯಿಂದ ಬೆಲ್ಟು ಎಳೆದು ಅದನ್ನು ಓಡಿಸಿ ತೋರಿಸಿದರು. ಓಡಿಸಿದವನು ಮಧ್ಯವಯಸ್ಸಿನ ಒಬ್ಬ ಮನುಷ್ಯ. ಹಲಗೆ ತಳ್ಳುವಾಗ ಅವನ ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಕಂಡವು.

ಯಂತ್ರ ನಿಂತ ಮೇಲೆ ದೊಡ್ಡಮ್ಮ ಅವನನ್ನು ಹತ್ತಿರ ಕರೆದಳು. "ಎಲ್ಲಿ, ಕೈ ತೋರ್ಸು."

ಅವನು ವ್ಯಾಪಾರಿಯ ಮುಖ ನೋಡಿ ಕೈ ಚಾಚಿದ. ಆಕೆ ಸಂತೆಯಲ್ಲಿ ಬದನೆಕಾಯಿ ಹಿಡಿದು ನೋಡುವ ಹಾಗೆ ಆ ಕೈಯನ್ನು ಮಗುಚಿ ಮಗುಚಿ ನೋಡಿದಳು.

"ಇದೇ ಗರಗಸದಲ್ಲಿ ಹೋದದ್ದಾ?"

"ಹೌದಮ್ಮ."

"ಮೂರೂ ಒಂದೇ ಸಲಕ್ಕಾ, ಬೇರೆ ಬೇರೆಯಾ?"

"ಒಂದೇ ಸಲ."

"ಹಾಗಾದ್ರೆ ಹರಿತ ಉಂಟು," ಎಂದು ಕೈ ಬಿಟ್ಟಳು. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, "ಮನುಷ್ಯನ ಬೆರಳು ತಿಂದ ಸಾಮಾನಿಗೆ ಈ ರೇಟಾ ಸಾಹುಕಾರ್ರೇ? ಯಾರು ತಗೊಳ್ತಾರೆ? ಕಡಿಮೆ ಮಾಡಿ," ಎಂದಳು. ಆ ಮನುಷ್ಯ ಕೈಯನ್ನು ಪಂಚೆಯ ಮಡಿಕೆಯೊಳಗೆ ಸೇರಿಸಿಕೊಂಡು ಪಕ್ಕಕ್ಕೆ ಹೋಗಿ ನಿಂತ.

ವ್ಯಾಪಾರಿಗೆ ಮುಜುಗರವಾಯಿತು. "ಅಮ್ಮ, ನಾನು ಸುಳ್ಳು ಹೇಳುದಿಲ್ಲ. ಕ್ರಯ ಕಡಿಮೆ ಮಾಡ್ತೇನೆ, ಅದು ದೊಡ್ಡದಲ್ಲ. ಆದ್ರೆ ನಿಲ್ಲುವವರು ಯಾರು ಅಂತ ನೋಡಿ ತಗೊಳ್ಳಿ. ನನ್ನ ಮನೆಯ ಮಕ್ಕಳನ್ನು ನಾನು ಇದರ ಹತ್ರ ಬಿಡುದಿಲ್ಲ."

ನನ್ನ ಗಂಡ ಹೆಗಲಿನ ಬೈರಾಸು ವಸ್ತ್ರವನ್ನು ತೆಗೆದು ಎರಡೂ ಕೈಗೆ ಸುತ್ತಿಕೊಂಡಿದ್ದರು. ಸುತ್ತಿಕೊಂಡದ್ದು ಅವರಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಮೆಲ್ಲಗೆ, "ಅತ್ತೆ, ಆ ಮೊದಲಿನದ್ದು ಆಗ್ಬಹುದಾ ಅಂತ," ಎಂದರು.

ದೊಡ್ಡಮ್ಮ ವ್ಯಾಪಾರಿಗೇ ಹೇಳಿದಳು. "ನನ್ನ ಮಗ ನಿಲ್ಲುದಾಗಿದ್ರೆ ಮುಚ್ಚಳದ್ದೇ ತಗೊಳ್ತಿದ್ದೆ. ನಿಲ್ಲುದು ಇವನು. ಇವನ ಕೈ ಪಡೀಲಿನವರದ್ದು. ನಮ್ಮ ಮನೆಯದ್ದಲ್ಲ."

ಕೋಪದಿಂದಲ್ಲ, ಉಪ್ಪಿನ ರೇಟು ಹೇಳುವ ಸ್ವರದಲ್ಲಿ ಹೇಳಿದಳು. ವ್ಯಾಪಾರಿ ನೆಲ ನೋಡಿದ. ನನ್ನ ಗಂಡನೂ ನೆಲ ನೋಡಿದರು. ನನಗೆ ಆಗ ಇಪ್ಪತ್ತು ದಾಟಿತ್ತಷ್ಟೆ. ಆಕೆಯ ಎದುರು ಸ್ವರ ಎತ್ತಿದವಳಲ್ಲ.

"ಹಾಗಾದ್ರೆ ನಾನು ನಿಲ್ತೇನೆ," ಎಂದೆ.

"ಎಂತ?"

"ಗರಗಸಕ್ಕೆ ನಾನು ನಿಲ್ತೇನೆ. ಹಂಚಿನ ಕಾರ್ಖಾನೆಯಲ್ಲಿ ಹೆಂಗಸರು ಯಂತ್ರದ ಹತ್ರ ಕೆಲಸ ಮಾಡುದಿಲ್ವಾ? ನನ್ನ ಕೈ ನಮ್ಮ ಮನೆಯದ್ದೇ ಅಲ್ವಾ ದೊಡ್ಡಮ್ಮ. ಈಗ ಯಾವುದು ತಗೊಳ್ತೀರಿ, ತಗೊಳ್ಳಿ."

ಆಕೆ ಬಾಯಲ್ಲಿದ್ದ ವೀಳ್ಯವನ್ನು ಅಗಿಯುವುದು ನಿಲ್ಲಿಸಿದಳು. ನನ್ನ ಕೈಗಳನ್ನು ನೋಡಿದಳು, ಹೊಟ್ಟೆಯನ್ನು ನೋಡಿದಳು. ಹೊರಗೆ ಹೋಗಿ ಉಗಿದು ಬಂದಳು. "ಮುಚ್ಚಳದ್ದೇ ಕೊಡಿ ಸಾಹುಕಾರ್ರೇ," ಎಂದಳು. ನನಗೆ ಗೆದ್ದೆನೆಂದು ಅನಿಸಿತು. ಅಷ್ಟರಲ್ಲಿ ಆಕೆ ನನ್ನ ಕಡೆ ತಿರುಗಿ, "ಮಾತು ಆಡಿದ ಮೇಲೆ ಆಯಿತು. ನೀನೇ ನಿಲ್ಬೇಕು. ಇವನು ಆಚೆ ಬದಿಯಲ್ಲಿ ನಿಂತು, ಕೊಯ್ದ ಹಲಗೆ ಹಿಡೀಲಿ. ಒಂದು ಆಳಿನ ಸಂಬಳ ಉಳೀತು," ಎಂದಳು.

ವಾಪಸು ಬರುವಾಗ ಗರಗಸ ದೋಣಿಯ ನಡುವಿನಲ್ಲಿತ್ತು. ಆಚೆ ನನ್ನ ಗಂಡ, ಈಚೆ ನಾನು. ಕೂಳೂರು ಹತ್ತಿರವಾದಾಗ ಅವರು, "ನಿನ್ನ ಹತ್ರ ನಾನು ಕೇಳಿದ್ನಾ?" ಎಂದರು.

"ಬೆರಳು ಹೋದ ಮೇಲೆ ಕೇಳ್ತಿದ್ರಿ," ಎಂದೆ. ನನ್ನದೂ ಅದೇ ಮನೆಯ ನಾಲಿಗೆ.

ಗರಗಸ ಒಳ್ಳೆಯದಿತ್ತು. ಅದರ ಬಗ್ಗೆ ನನ್ನ ದೂರಿಲ್ಲ. ಸೀರೆಯನ್ನು ಎತ್ತಿಕಟ್ಟಿ, ಕೂದಲಿಗೆ ಬಟ್ಟೆ ಬಿಗಿದು ನಾನು ಮುಂದೆ ನಿಂತು ತಳ್ಳುತ್ತಿದ್ದೆ. ಅವರು ಎದುರು ಬದಿಯಲ್ಲಿ ಹಲಗೆಯ ತುದಿ ಹಿಡಿದು ಎಳೆದುಕೊಳ್ಳುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ಮಾತಿಗೆ ಅವಕಾಶವಿರಲಿಲ್ಲ. ಒಂದು ತಿಂಗಳಲ್ಲಿ ಕೈ ಪಳಗಿತು, ಕಾರ್ಖಾನೆಯವರು ಬಾಯಿ ಮುಚ್ಚಿದರು. ಕಡವಿನವರು ಬಾಯಿ ತೆರೆದರು. ಸಂಜೆ ನನ್ನ ಗಂಡ ಹೊಳೆಬದಿಗೆ ಹೋದರೆ, "ಎಂತ ಮಾರಾಯ, ಹೆಂಡ್ತಿ ಇವತ್ತು ಬೇಗ ಬಿಟ್ಟಳಾ?" ಎಂದು ಕೇಳುವವರು. ಕ್ರಮೇಣ ಅವರು ಹೋಗುವುದನ್ನೇ ಬಿಟ್ಟರು.

ದೊಡ್ಡಮ್ಮ ಊಟಕ್ಕೆ ಬಡಿಸುವಾಗ ಬಂಗುಡೆ ಮೀನಿನ ನಡುತುಂಡು ನನ್ನ ಬಟ್ಟಲಿಗೆ, ಬಾಲದ ತುಂಡು ಅವರ ಬಟ್ಟಲಿಗೆ ಹಾಕುತ್ತಿದ್ದಳು. ಮೊದಲು ಗಂಡಸರಿಗೆ ಬಡಿಸುವ ಮನೆಯಲ್ಲಿ ಮೊದಲು ನನಗೆ ಬಡಿಸಿದಳು. "ಗೇಯುವವಳಿಗೆ ಹಸಿವು ಜಾಸ್ತಿ," ಎನ್ನುವಳು. ಬೇಕೆಂದೇ ಮಾಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಆದರೂ ತಿಂದೆ, ಹಸಿವಾಗುತ್ತಿತ್ತು. ಒಂದೇ ಚಕ್ರವಾದ್ದರಿಂದ ಸಾಣೆಯ ದಿನ ಕೆಲಸ ನಿಲ್ಲುತ್ತಿತ್ತು. ಆ ದಿನವೆಲ್ಲ ಆಕೆ ಶೆಡ್ಡಿನ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ, "ಅಳಿಯನ ಬೆರಳು ಉಳಿಸಿದ್ದಕ್ಕೆ ಇವತ್ತು ರಜೆ," ಎಂದು ಕಾರಣ ಹೇಳುವಳು. ನನ್ನ ಗಂಡ ಅಲ್ಲೇ ಹುಡಿ ಗುಡಿಸುತ್ತಿರುತ್ತಿದ್ದರು.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ನಾನು ಶೆಡ್ಡಿಗೆ ಬರುವಾಗ ಗರಗಸ ಓಡುತ್ತಿತ್ತು. ಮುಚ್ಚಳ ಕಳಚಿ ನೆಲದಲ್ಲಿಟ್ಟು ಅವರೇ ಮುಂದೆ ನಿಂತು ಹಲಗೆ ತಳ್ಳುತ್ತಿದ್ದರು. ಕೆಲಸದವರೆಲ್ಲ ಸುತ್ತ ನಿಂತಿದ್ದರು. ಚೆನ್ನಾಗಿಯೇ ಕೊಯ್ಯುತ್ತಿದ್ದರು, ನನಗಿಂತ ನೇರವಾಗಿ. ಅವರ ಮುಖದಲ್ಲಿ ಅಂಥ ಕಳೆ ನಾನು ಮದುವೆಯ ದಿನವೂ ಕಂಡಿರಲಿಲ್ಲ. ನನಗೆ ಕಂಡದ್ದು ಮಾತ್ರ ಬಂದರಿನ ಆ ಮನುಷ್ಯನ ಕೈ.

ದೊಡ್ಡಮ್ಮ ಬಂದು ಬೆಲ್ಟು ತೆಗೆಸಿದಳು. "ಸಾಕು, ಈಚೆ ಬಾ. ನಾಳೆ ಬೆರಳಿನ ಲೆಕ್ಕ ಕೇಳಿಕೊಂಡು ಪಡೀಲಿನವರು ನನ್ನ ಅಂಗಳಕ್ಕೆ ಬರುದು ಬೇಡ," ಎಂದಳು. ಅವರು ಕದಲಲಿಲ್ಲ. ನನ್ನನ್ನೇ ನೋಡಿದರು. ಒಂದು ಮಾತು ನಾನು ಆಡಿದ್ದರೆ ಸಾಕಿತ್ತು, ನಿಲ್ಲಲಿ ಬಿಡಿ ಎಂದು. ನಾನು ನೆಲದಲ್ಲಿದ್ದ ಮುಚ್ಚಳವನ್ನು ಎತ್ತಿ, ಎಲ್ಲರೆದುರು ಅದನ್ನು ಗರಗಸದ ಮೇಲೆ ಕೂರಿಸಿ, ಸ್ಕ್ರೂ ಬಿಗಿದೆ. ಇವತ್ತಿದ್ದರೂ ಅದನ್ನೇ ಮಾಡುತ್ತೇನೆ. ಅವರು ಆಚೆ ಬದಿಗೆ ಹೋಗಿ ನಿಂತರು.

ನಮ್ಮಲ್ಲಿ ಆಗ ಗಂಡಹೆಂಡಿರ ಸಂಬಂಧ ಬಿಡಲು ಕೋರ್ಟು ಕಚೇರಿ ಏನೂ ಬೇಕಿರಲಿಲ್ಲ. ಮನೆಯ ಹಿರಿಯರ ಎದುರು ಒಂದು ಮಾತು ಹೇಳಿ, ಅವರು ಒಪ್ಪಿದರೆ ಮುಗಿಯಿತು.

ಅದಾಗಿ ವಾರವಾಗಿರಬಹುದು. ಉದ್ದದ ಮಾವಿನ ಹಲಗೆಯೊಂದನ್ನು ಗರಗಸಕ್ಕೆ ಕೊಡುತ್ತಿದ್ದೆ. ಗಂಟು ಇದ್ದ ಮರ. ಕಣ್ಣು ತೆಗೆಯುವ ಹಾಗಿರಲಿಲ್ಲ. ಎದುರು ಬದಿಯಲ್ಲಿ ಅವರು ನನ್ನ ಕಡೆ ಬಾಗಿ ಏನೋ ಹೇಳಿದ ಹಾಗಾಯಿತು. ಸದ್ದಿನಲ್ಲಿ ಕೇಳಲಿಲ್ಲ, ಹಲಗೆ ಮುಗಿಯಲಿ ಎಂದುಕೊಂಡೆ. ಮತ್ತೆ ಏನೋ ಹೇಳಿದರು. ನಾನು ತಲೆ ಎತ್ತಲಿಲ್ಲ. ಗರಗಸ ಓಡುವಾಗ ತಲೆ ಎತ್ತಬಾರದು, ಅದು ಮೊದಲ ದಿನವೇ ಕಲಿತದ್ದು. ಸೀಳು ಪೂರ್ತಿಯಾಗಿ ಹಲಗೆ ಆಚೆ ದಾಟಿತು, ಹಿಡಿಯುವ ಕೈ ಇಲ್ಲದೆ ಅದರ ಎರಡು ಹೋಳೂ ನೆಲಕ್ಕೆ ಬಿದ್ದವು.

ತಲೆ ಎತ್ತಿದಾಗ ಅಲ್ಲಿ ಯಾರೂ ಇರಲಿಲ್ಲ. ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು, ಹೊಳೆಯ ಕಡೆ ನೋಡುತ್ತಾ. ನಾನು ಓಡಿಹೋಗಿ, ಅವರು ಎಂತ ಹೇಳಿದ್ದು ಎಂದು ಕೇಳಿದೆ.

"ನಿನಗೆ ಎಂತ ಹೇಳಿದ್ನೋ ನನಗೆ ಗೊತ್ತಿಲ್ಲ," ಎಂದಳು. "ನನ್ನ ಹತ್ರ ಬಂದು 'ಹೋಗ್ತೇನೆ' ಅಂದ. 'ಬರ್ತೇನೆ' ಅನ್ನಲಿಲ್ಲ. ನಾನು ಆಯಿತು ಅಂದೆ." ನನ್ನ ಕೈಗಳನ್ನು ಒಮ್ಮೆ ನೋಡಿ, ಒಳಗೆ ತೋರಿಸಿದಳು. "ಎಂಜಿನ್ ಸುಮ್ಮನೆ ಎಣ್ಣೆ ಕುಡೀತಾ ಉಂಟು. ಆಚೆ ಬದಿಗೆ ಬೇರೆ ಒಬ್ಬನನ್ನು ನಿಲ್ಲಿಸ್ತೇನೆ. ಹಲಗೆ ತೆಗೆ."