ಬಟ್ಟೆಗೊಂದು ಕೋಣೆ

ನಮ್ಮ ಮನೆಯಲ್ಲಿ ಮೊಟ್ಟಮೊದಲು ಸ್ವಂತ ಕೋಣೆ ಸಿಕ್ಕಿದ್ದು ಯಜಮಾನರ ಟೆರಿಲಿನ್ ಶರಟಿಗೆ. ನನಗಲ್ಲ, ನಮ್ಮತ್ತೆಗಲ್ಲ, ಸ್ವತಃ ಯಜಮಾನರಿಗೂ ಅಲ್ಲ. ಪಿರಿಯಾಪಟ್ಟಣದ ವಠಾರದ ಮನೆ ಎಂದರೆ ನೀವೇ ಊಹಿಸಿಕೊಳ್ಳಿ. ನಡುಮನೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಮಂಚ ಹಾಕಿದ ಮೇಲೆ ಮನುಷ್ಯರು ಮೈ ಓರೆ ಮಾಡಿಕೊಂಡು ನಡೆಯಬೇಕಾದ ಮಲಗುವ ಕೋಣೆ. ಆ ಕೋಣೆಯ ಒಂದೇ ಸುಖವೆಂದರೆ ರಸ್ತೆಯ ಕಡೆಗಿದ್ದ ಕಿಟಕಿ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅದರ ಕೆಳಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಮಡಿಕೇರಿ ಬಸ್ಸು ಹೋಗುವುದನ್ನು ನೋಡುತ್ತಾ ಸ್ವಲ್ಪ ಹೊತ್ತು ಯಾರ ಕೈಗೂ ಸಿಗದೆ ಇರುವುದು, ಇಷ್ಟೇ ನನ್ನ ಐಶ್ವರ್ಯ.

ಯಜಮಾನರು ಹೊಗೆಸೊಪ್ಪಿನ ಡಿಪೋದಲ್ಲಿ ಸೊಪ್ಪು ನೋಡಿ ದರ್ಜೆ ಹೇಳುವ ಕೆಲಸದಲ್ಲಿದ್ದರು. ಎಲೆಯನ್ನು ಹೆಬ್ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ತೀರ್ಪು ಕೊಡುವುದು. ಯಾವುದೋ ಕೆಲಸಕ್ಕೆಂದು ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರ ಬಂಗಲೆಗೆ ಹೋಗಿಬಂದವರು ಜ್ಞಾನೋದಯವಾದವರಂತೆ ಹೊಸಿಲಲ್ಲೇ ನಿಂತರು.

"ಬಟ್ಟೆಗೇ ಒಂದು ರೂಮು ಕಣಮ್ಮಿ! ಬೀರು ಅಲ್ಲ, ರೂಮು. ಒಳೀಕೆ ನಡ್ಕಂಡೇ ಓಗ್ಬೋದು!"

ನಡೆದುಕೊಂಡು ಹೋಗಿ ಭೇಟಿ ಮಾಡುವಂಥ ಬಟ್ಟೆ ನಮ್ಮಲ್ಲಿ ಏನಿತ್ತು ಎಂದು ನೀವು ಕೇಳಬಹುದು. ಯಜಮಾನರ ಟೆರಿಲಿನ್ ಶರಟು, ಅದರ ಜೊತೆಗೆ ನಾಲ್ಕಾರು ಹತ್ತಿ ಶರಟು, ಮದುವೆಯಲ್ಲಿ ಹೊಲಿಸಿ ಆಮೇಲೆ ಗುಂಡಿ ಕೂಡದ ಕೋಟು, ನನ್ನ ನೂಲಿನ ಸೀರೆಗಳು, ಧಾರೆ ಸೀರೆ. ಎಲ್ಲವೂ ಒಂದು ಟ್ರಂಕು, ಒಂದು ಹಗ್ಗದಲ್ಲಿ ಸುಖವಾಗಿದ್ದವು. ಆ ಬಂಗಲೆಯ ಬಟ್ಟೆಗೋಣೆಯೊಳಗೆ ನಮ್ಮ ಇಡೀ ಮನೆಯನ್ನು ಇಟ್ಟು ಬಾಗಿಲು ಹಾಕಬಹುದಿತ್ತು. ನಮ್ಮವರು ಮಾತ್ರ ನಮ್ಮ ಮಲಗುವ ಕೋಣೆಯೊಳಗೆ ಅದನ್ನು ಇಡಲು ಹೊರಟರು.

ಬಟ್ಟೆಯ ವಿಷಯದಲ್ಲಿ ನಮ್ಮ ಸೀಮೆ ಎಂದೂ ಇಷ್ಟು ತಲೆ ಕೆಡಿಸಿಕೊಂಡದ್ದಿಲ್ಲ. ಸಾಲಿಗ್ರಾಮದ ದೇವರಿಗೆ ಎಷ್ಟು ಪೀತಾಂಬರಗಳಿದ್ದರೂ ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಮಡಿಸಿ ಕೂತಿರುತ್ತವೆ. ಇನ್ನೊಂದು ಗರ್ಭಗುಡಿ ಕಟ್ಟಿಸಿ ಎಂದು ದೇವರು ಯಾರ ಕನಸಿನಲ್ಲೂ ಬಂದು ಕೇಳಿಲ್ಲ. ಬೈಲಕುಪ್ಪೆಯಿಂದ ಸಂತೆಗೆ ಬರುವ ಟಿಬೆಟ್ಟಿನ ಸನ್ಯಾಸಿಗಳು ಕೆಂಪು ಬಟ್ಟೆಯೊಂದನ್ನು ಸುತ್ತಿಕೊಂಡು ಮುಖದ ತುಂಬ ನಗುತ್ತಾರೆ. ಗೊಮ್ಮಟಗಿರಿಯ ಸ್ವಾಮಿಯಂತೂ ಈ ಸಮಸ್ಯೆಯನ್ನು ಬುಡಸಮೇತ ಬಗೆಹರಿಸಿಕೊಂಡು ಎಷ್ಟೋ ನೂರು ವರ್ಷಗಳಿಂದ ಮಳೆ ಬಿಸಿಲಿಗೆ ನಿಂತಿದ್ದಾನೆ. ಹೀಗೆಂದು ನಾನು ಹೇಳಿದಾಗ ಯಜಮಾನರು, "ನಿಂಗೆ ಇಂಥದ್ದೆಲ್ಲ ತಿಳಿಯಾಕಿಲ್ಲ ಬುಡು" ಎಂದರು. ನನಗೆ ತಿಳಿಯದ್ದು ಒಂದೇ, ಆ ಕೋಣೆ ಎಲ್ಲಿ ಬರುತ್ತದೆ ಎಂಬುದು. ಅದೂ ಬೇಗನೆ ತಿಳಿಯಿತು. ಬಡಗಿ ಬಂದು ಹಲಗೆಯ ಅಡ್ಡಗೋಡೆ ನಿಲ್ಲಿಸಿದ್ದು ಕಿಟಕಿಯ ಈಚೆಗೆ. ನನ್ನ ಕಿಟಕಿ ಬಟ್ಟೆಗಳ ಪಾಲಾಯಿತು.

"ಗ್ವಾಡೆ ಒಳ್ಗೊಂದು ಗ್ವಾಡೆ ಯಾಕ್ಲಾ? ಬಟ್ಟೆಗೇನು ನಾಚ್ಕೆಯಾ?" ಎಂದು ಅತ್ತೆ ಮಗನನ್ನು ಕೇಳಿದರು. ಯಜಮಾನರು ಬಂಗಲೆಯಲ್ಲಿ ಇದ್ದಂತೆಯೇ ಒಳಗಡೆಯಿಂದ ಚಿಲಕ ಹಾಕಿಸುವುದರಲ್ಲಿ ಮುಳುಗಿದ್ದರು. ಒಳಗೇ ನಿಂತು ಬಟ್ಟೆ ಬದಲಾಯಿಸಬೇಕಂತೆ, ಯಾರೂ ನುಗ್ಗಬಾರದಂತೆ.

ಬಂಗಲೆಯ ನಕಲು ಚಿಲಕಕ್ಕೇ ಮುಗಿಯಿತು. ಮಿಕ್ಕದ್ದೆಲ್ಲ ಅವರ ಸ್ವಂತ ಬುದ್ಧಿ. ಹೊಗೆಸೊಪ್ಪನ್ನು ಒಣಗಿಸಿ ಹದ ಮಾಡುವ ಬ್ಯಾರನ್ನನ್ನು ನೀವು ನೋಡಿರಬಹುದು. ಎತ್ತರದ ಮನೆ, ಒಳಗೆ ಸೂರಿನವರೆಗೆ ಸಾಲು ಸಾಲು ಬಿದಿರು ಕಡ್ಡಿ, ಕಡ್ಡಿಗೆ ಕಟ್ಟಿದ ಹಸಿ ಸೊಪ್ಪು, ಎಲೆ ಹೊಂಬಣ್ಣಕ್ಕೆ ತಿರುಗುವವರೆಗೆ ಕೆಳಗಿನಿಂದ ಕಾವು. ಯಜಮಾನರು ಹುಟ್ಟಿದಾಗಿನಿಂದ ನೋಡಿದ ಅಚ್ಚುಕಟ್ಟು ಎಂದರೆ ಅದೊಂದೇ. ಹಾಗಾಗಿ ಬಟ್ಟೆಗೂ ಅದನ್ನೇ ಮಾಡಿದರು. ಹಳೆಯ ಬ್ಯಾರನ್ನಿನ ಕಡ್ಡಿಗಳನ್ನು ತಂದು ಮೇಲಿನವರೆಗೆ ಅಡ್ಡಡ್ಡ ಜೋಡಿಸಿದರು. ದಿನದ ಬಟ್ಟೆ ಕೆಳಗೆ, ಕೋಟು ನಡುವೆ, ಮರ್ಯಾದೆಯ ಬಟ್ಟೆ ತುತ್ತತುದಿಗೆ. ಹಾಲಿನ ಬಣ್ಣದ, ಕೆಂಪಂಚಿನ ನನ್ನ ಧಾರೆ ಸೀರೆ ಸೂರಿನಡಿ ಏರಿ ಕೂತಿತು. ಬಣ್ಣ ಹೋಗುತ್ತದೆಂದು ಕಿಟಕಿಯನ್ನು ಭದ್ರವಾಗಿ ಮುಚ್ಚಿದರು.

ಮಳೆಗಾಲ ಬಂತು. ಗಾಳಿ ಬೆಳಕಿಲ್ಲದ ಗೂಡಿನಲ್ಲಿ ಬಟ್ಟೆಗೆಲ್ಲ ಬೂಷ್ಟು ಹಿಡಿಯಿತು. ಕಿಟಕಿ ತೆರೆಯಿರಿ ಎಂದೆ. ಆದರೆ ತೇವ ಎಂದೊಡನೆ ಡಿಪೋದ ಮನುಷ್ಯನಿಗೆ ಹೊಳೆಯುವ ಮದ್ದೇ ಬೇರೆ. ನಾನು ಕೆ.ಆರ್. ನಗರಕ್ಕೆ, ತಂಗಿಯ ಮದುವೆಗೆ ಹೊರಡುವ ಹಿಂದಿನ ದಿನ, ಬಾವಿಕಟ್ಟೆಯಲ್ಲಿದ್ದಾಗ, ಯಜಮಾನರು ಬಟ್ಟೆಗೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಕದ ಮುಚ್ಚಿದರು. ಕಾವು ಮೇಲೇರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅದರಿಂದಲೇ ಸಂಬಳ ತರುತ್ತಿದ್ದರು.

ನಾನು ಬಂದು ಸೀರೆ ಇಳಿಸಿದರೆ ಹಾಲಿನ ಬಣ್ಣ ಎಲ್ಲಿದೆ? ಮಡಿಕೆ ಮಡಿಕೆಗೂ ಹೊಂಬಣ್ಣ, ಅಂಚು ಮುದುರಿಕೊಂಡು ಗರಿಗರಿ, ಮೂಗಿಗೆ ಹಳೆಯ ಕಡ್ಡಿಗಳಿಂದ ಹತ್ತಿದ ಹೊಗೆಸೊಪ್ಪಿನ ಘಾಟು. ನಮ್ಮಮ್ಮ ಆರಿಸಿ ಕೊಟ್ಟ ಸೀರೆ ಅದು. ನನಗೆ ಅಳು ತಡೆಯಲಾಗಲಿಲ್ಲ. ಯಜಮಾನರು ಗಾಬರಿಯಿಂದ ಸೆರಗು ಹಿಡಿದರು. ಹಿಡಿದ ಕೈ ತನ್ನ ಪಾಡಿಗೆ ತಾನೇ ಹೆಬ್ಬೆರಳಿನಿಂದ ಉಜ್ಜಿತು, ಮೂಗಿನ ಬಳಿ ಹೋಯಿತು, ಕಣ್ಣು ಮುಚ್ಚಿಕೊಂಡವು.

"ಹದ ಮಾತ್ರ ಸರ್ಯಾಗ್ ಬಂದದೆ" ಎಂದುಬಿಟ್ಟರು.

ಅಂದು ನಾನು ಅವರೊಡನೆ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅತ್ತೆಯ ಸೀರೆ ಉಟ್ಟು ತಂಗಿಯ ಧಾರೆಗೆ ನಿಂತೆ. ಬಂದವರೆಲ್ಲ ನಿನ್ನ ಧಾರೆ ಸೀರೆ ಎಲ್ಲಿ ಎಂದು ಕೇಳಿದರು. ಅದು ಬ್ಯಾರನ್ನಿಗೆ ಹೋಗಿದೆ ಎಂದೆ. ತಮಾಷೆಯೆಂದು ನಕ್ಕರು.

ವಾಪಸು ಬಂದವಳು ಚಪ್ಪಲಿ ಬಿಟ್ಟ ಕಾಲಲ್ಲೇ ಬಟ್ಟೆಗೋಣೆಗೆ ನುಗ್ಗಿದೆ. ಟೆರಿಲಿನ್ ಶರಟಿನಿಂದ ಹಿಡಿದು ಎಲ್ಲವನ್ನೂ ಎಳೆದು ನಡುಮನೆಯ ಹಗ್ಗಕ್ಕೆ ಹಾಕಿದೆ. ಕಡ್ಡಿಗಳು ಒಲೆಗೆ ಹೋದವು. ಕಿಟಕಿ ತೆರೆದೆ, ಸ್ಟೂಲು ಹಾಕಿದೆ, ಕದ ಮುಚ್ಚಿ ಚಿಲಕ ಎಳೆದೆ. ಅಬ್ಬಾ, ಎಂಥ ಚಿಲಕ! ಈ ಮನೆಯಲ್ಲಿ ನನಗೆ ಬೇಕಾಗಿದ್ದದ್ದು ಕಿಟಕಿ ಮಾತ್ರವಲ್ಲ, ಒಳಗಿನಿಂದ ಹಾಕಿಕೊಳ್ಳುವ ಚಿಲಕವೂ ಬೇಕಾಗಿತ್ತು ಎಂದು ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಶರಟಿಗೆ ಅಷ್ಟು ಸುಲಭವಾಗಿ ದಕ್ಕಿದ್ದನ್ನು ನಾನು ಕೇಳಿದ್ದರೆ ಯಾರಾದರೂ ಬಡಗಿಯನ್ನು ಕರೆಸುತ್ತಿದ್ದರೇ?

ಯಜಮಾನರು ಆಮೇಲೂ ಬಂದವರಿಗೆಲ್ಲ ಮುಚ್ಚಿದ ಕದ ತೋರಿಸಿ, "ಡ್ರೆಸ್ಸಿಂಗ್ ರೂಮು ಕಣ್ರೀ, ಬಂಗ್ಲೇಲಿ ಇರ್ತದಲ್ಲ ಅಂಗೆ" ಎನ್ನುತ್ತಿದ್ದರು. ನಾನು ಒಳಗೆ ಕೂತು ಬಸ್ಸು ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಯಾರೋ ಮೆಲ್ಲಗೆ ಕದ ಬಡಿದರು. ಯಜಮಾನರಾದರೆ ತೆಗೆಯಬಾರದೆಂದು ಸ್ಟೂಲಿನಿಂದ ಏಳಲಿಲ್ಲ.

"ನಾನು ಕಣಮ್ಮಿ" ಎಂದಿತು ಅತ್ತೆಯ ದನಿ.

ತೆಗೆದೆ. ಎಲೆಯಡಿಕೆ ಚೀಲ ಕಂಕುಳಲ್ಲಿಟ್ಟುಕೊಂಡು, ಮಣೆಯೊಂದನ್ನು ಹಿಡಿದು ನಿಂತಿದ್ದರು. ಒಳಗೆ ಬಂದು ಕಿಟಕಿಯ ಗಾಳಿಗೆ ಮುಖ ಒಡ್ಡಿ ಕೂತು, ಒಂದು ಎಲೆ ಒರೆಸಿಕೊಂಡ ಮೇಲೆ ನನ್ನ ಕಡೆ ತಿರುಗಿದರು.

"ಅಂಗೇ ನಿಂತ್ಕಂಡಿದ್ದೀಯಲ್ಲವ್ವ, ಚಿಲ್ಕ ಆಕು."